ಕಣ್ಣಳತೆ, ಕೂಗಳತೆ: ಮಾರ್ಮನ್ ಮಿಷನರಿಯಾಗಿ ನನ್ನ ಎರಡು ವರ್ಷ

ಬಿಳಿ ಅಂಗಿ, ಟೈ, ಎದೆ ಮೇಲೆ ಕಪ್ಪು ಹೆಸರಿನ ಬಿಲ್ಲೆ. ಹೀಗೆ ಜೋಡಿಯಾಗಿ ನಡೆದುಹೋಗುವ ಹುಡುಗರನ್ನು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೀವು ನೋಡಿರಬಹುದು. ಇನ್ಶೂರೆನ್ಸ್ ಮಾರೋರು ಅಂದುಕೊಂಡಿರುತ್ತೀರಿ. 2017ರ ಕೊನೆಯಿಂದ ಎರಡು ವರ್ಷ ನಾನೂ ಹಾಗೇ ನಡೆದವನು. ಜನ ನಮ್ಮನ್ನು ಮಾರ್ಮನ್ ಅಂತಾರೆ. 2018ರಿಂದ ನಮ್ಮವರು ಆ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರೇ ಹೇಳಿ ಅಂತಿದ್ದಾರೆ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಹೇಳಿ ಮುಗಿಸೋಷ್ಟರಲ್ಲಿ ಎದುರಿಗಿದ್ದವರ ಬಸ್ಸು ಬಂದಿರುತ್ತದೆ.

ನಮ್ಮಲ್ಲಿ ಹುಡುಗರು 18 ತುಂಬಿದರೆ ಮಿಷನರಿಯಾಗಿ, ಅಂದರೆ ನಮ್ಮ ಧರ್ಮದ ಮಾತು ಹೇಳೋಕೆ, ಹೋಗಬಹುದು, ಎರಡು ವರ್ಷ. ಹುಡುಗಿಯರಿಗೆ ಆಗ 19, ಒಂದೂವರೆ ವರ್ಷ. ಇದಕ್ಕೆ ಸಂಬಳ ಇಲ್ಲ. ಮನೆಯವರೇ ಕೈಲಾದಷ್ಟು ಕೂಡಿಟ್ಟು ಕಳಿಸುತ್ತಾರೆ. ಎಲ್ಲಿಗೆ ಅಂತ ಆರಿಸಿಕೊಳ್ಳೋ ಹಾಗೂ ಇಲ್ಲ. ಆಗೆಲ್ಲ ನಮ್ಮ ಚರ್ಚಿನ ಕೇಂದ್ರ ಇರುವ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ ದೊಡ್ಡ ಬಿಳಿ ಕವರ್ ಬರುತ್ತಿತ್ತು, ಈಗ ಆನ್‌ಲೈನ್ ಆಗಿದೆ. ನನಗೆ ಬ್ರೆಜಿಲ್ ಆಸೆ. ಕವರ್ ಒಡೆದರೆ ‘ಇಂಡಿಯಾ ಬೆಂಗಳೂರು ಮಿಷನ್’. ನಮ್ಮ ಮನೆ ಇರೋದೇ ಬೆಂಗಳೂರಲ್ಲಿ! ತಮ್ಮ ಬಿದ್ದು ಬಿದ್ದು ನಕ್ಕ. ಆದರೆ 1993ರಲ್ಲಿ ಶುರುವಾದ ಆ ಮಿಷನ್ ಒಂದು ಊರಿನದ್ದಲ್ಲ, ಆಗ ಆಂಧ್ರ, ತಮಿಳುನಾಡೆಲ್ಲ ಅದರೊಳಗೇ ಬರುತ್ತಿತ್ತು. ಮನಿಲಾದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಳೆದು ನಾನು ಬಂದಿಳಿದದ್ದು ಗೋದಾವರಿ ದಂಡೆಯ ರಾಜಮಂಡ್ರಿಯಲ್ಲಿ.

ಎಲ್ಲರೂ ಕೇಳೋದು, ಅಪರಿಚಿತರ ಹತ್ತಿರ ದೇವರ ಮಾತಾಡೋದು ಕಷ್ಟ ಅಲ್ವಾ ಅಂತ. ಅದು ಕಷ್ಟವೇ ಅಲ್ಲ. ನಮ್ಮ ಜನಕ್ಕೆ ದೇವರ ಬಗ್ಗೆ ಮಾತಾಡೋಕೆ ಬೇಸರವೇ ಇಲ್ಲ. ಕಷ್ಟ ಇರೋದು ಜೊತೆಗಾರನ ಜೊತೆ ಬಾಳೋದರಲ್ಲಿ.

ಮಿಷನರಿ ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಜೊತೆಗಾರ ಸದಾ ಕಣ್ಣಳತೆಯಲ್ಲಿ, ಕೂಗಳತೆಯಲ್ಲಿ ಇರಬೇಕು. ಬಚ್ಚಲುಮನೆಗೆ ಮಾತ್ರ ವಿನಾಯಿತಿ. ಮೂಲೆ ಅಂಗಡಿಗೆ ಮೊಸರು ತರಲು ಹೊರಟರೂ ಇಬ್ಬರೂ ಹೋಗಬೇಕು. ಅವನಿಗೆ ಜ್ವರ ಬಂದರೆ ಇಬ್ಬರೂ ಮನೆಯಲ್ಲೇ. ಹೆಸರು ಹಿಡಿದು ಕರೆಯೋ ಹಾಗಿಲ್ಲ. ಹತ್ತೊಂಬತ್ತರ ಹುಡುಗರು ಒಬ್ಬರಿಗೊಬ್ಬರು ‘ಎಲ್ಡರ್’, ಅಂದರೆ ಹಿರಿಯರು. ಯಾರ ಜೊತೆ ಇರಬೇಕು ಅಂತ ಮಿಷನ್ ಅಧ್ಯಕ್ಷರು ಹೇಳುತ್ತಾರೆ. ಆರು ವಾರಕ್ಕೊಮ್ಮೆ ಬದಲಾವಣೆಯ ಪಟ್ಟಿ ಬರುತ್ತದೆ. ಅದರಲ್ಲಿ ನಿನ್ನ ಹೆಸರು ಇರಬಹುದು, ಇಲ್ಲದೆಯೂ ಇರಬಹುದು. ಆ ಪಟ್ಟಿಯ ಹಿಂದಿನ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲ್ಲ.

ನನ್ನ ಮೊದಲ ಜೊತೆಗಾರ ಅಮೆರಿಕದ ಐಡಾಹೋದವನು. ಅವರಪ್ಪ ಆಲೂಗಡ್ಡೆ ಬೆಳೆಯುವ ರೈತರು. ಒಳ್ಳೇ ಹುಡುಗ, ಆದರೆ ಬೆಳಿಗ್ಗೆ ಎದ್ದ ತಕ್ಷಣ ಹಾಡು ಶುರು. ಸ್ನಾನ ಮಾಡಿ ಬಂದವನೇ ಒದ್ದೆ ಟವೆಲನ್ನು ನನ್ನ ಕುರ್ಚಿ ಮೇಲೆ ಹರವುತ್ತಿದ್ದ. ನಾನು ಅದನ್ನು ಎತ್ತಿ ಬಾಗಿಲ ಮೇಲೆ ಹಾಕುವುದು, ಮರುದಿನ ಅದು ಮತ್ತೆ ಕುರ್ಚಿಗೆ ಬರುವುದು. ಹೀಗೇ ನಡೆದಿತ್ತು.

ಇದಕ್ಕೆಲ್ಲ ನಮ್ಮಲ್ಲಿ ಒಂದು ಪದ್ಧತಿ ಇದೆ. ವಾರಕ್ಕೊಮ್ಮೆ, ವಾರದ ಕೆಲಸ ಗೊತ್ತುಮಾಡಿದ ಮೇಲೆ, ಇಬ್ಬರೂ ಎದುರುಬದುರು ಕೂರಬೇಕು. ಪ್ರಾರ್ಥನೆ ಮಾಡಿ, ಮೊದಲು ಅವನಲ್ಲಿ ಏನು ಚೆನ್ನಾಗಿದೆ ಹೇಳಬೇಕು, ಆಮೇಲೆ ಏನು ಸರಿಯಿಲ್ಲ ಹೇಳಬೇಕು. ನಮ್ಮ ಕಡೆ ಮುಖದ ಮೇಲೆ ಹೊಡೆದಂತೆ ಹೇಳೋ ಅಭ್ಯಾಸ ಎಲ್ಲಿದೆ? ಸುತ್ತಿ ಬಳಸಿ ಟವೆಲಿನ ಮಾತಿಗೆ ಬಂದೆ. ಅವನು ‘ಅಷ್ಟೇನಾ!’ ಅಂದ. ನಂತರ ಅವನ ಸರದಿ. ‘ಎಲ್ಡರ್, ನೀವು ಆ ಅಜ್ಜಿ ಹತ್ತಿರ ಹತ್ತು ನಿಮಿಷ ತೆಲುಗಲ್ಲಿ ಮಾತಾಡ್ತೀರಿ. ನನಗೆ ಮಾತ್ರ ‘ಚೆನ್ನಾಗಿದ್ದಾರಂತೆ’ ಅಂತ ಒಂದೇ ಮಾತು. ಉಳಿದ ಒಂಬತ್ತೂವರೆ ನಿಮಿಷ ಏನಾಯ್ತು?’

ಬೆಂಗಳೂರಿನ ಬೀದಿಯಲ್ಲಿ ಬೆಳೆದವನಿಗೆ ತೆಲುಗು ಅಲ್ಪಸ್ವಲ್ಪ ಬಂದೇ ಬರುತ್ತದೆ, ಉಳಿದದ್ದು ರಾಜಮಂಡ್ರಿ ಕಲಿಸಿತು. ಅವನು ಪಕ್ಕದಲ್ಲಿ ಸುಮ್ನೆ ನಗುತ್ತಾ ಕೂತಿರುತ್ತಿದ್ದ. ಕೊನೆಗೆ ಒಪ್ಪಂದ ಆಯಿತು. ಅವನು ಮೊಣಕಾಲ ಮೇಲೆ ಎರಡು ಸಲ ಬೆರಳು ತಟ್ಟಿದರೆ ನಾನು ಮಾತು ನಿಲ್ಲಿಸಿ ಇಂಗ್ಲಿಷಲ್ಲಿ ಹೇಳಬೇಕು. ಟವೆಲಿಗೆ ಬಾಲ್ಕನಿಯಲ್ಲಿ ಒಂದು ಮೊಳೆ. ಮುಂದೆ ಬಂದ ಜೊತೆಗಾರರ ಜೊತೆಗೆಲ್ಲ ನಾನು ಈ ಮಾತುಕತೆಯನ್ನು ಮೊದಲ ವಾರವೇ ಇಟ್ಟುಕೊಂಡೆ. ಕೊಯಮತ್ತೂರಿನ ಒಬ್ಬನ ಜೊತೆ ಮಾತ್ರ ಅದೂ ಕೆಲಸ ಮಾಡಲಿಲ್ಲ. ಆರು ವಾರ ಇಬ್ಬರೂ ಬೇಕಾದಷ್ಟೇ ಮಾತಾಡಿ, ಪಟ್ಟಿ ಬಂದಾಗ ನಿಟ್ಟುಸಿರು ಬಿಟ್ಟೆವು.

ದಿನಚರಿ ಹೇಳುವಂಥದ್ದೇನಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಮೊದಲು ಒಬ್ಬೊಬ್ಬರೇ ಓದು, ಆಮೇಲೆ ಇಬ್ಬರೂ ಸೇರಿ ಓದು. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಹುಡುಗಿ ಅಂತೂ ಇಲ್ಲವೇ ಇಲ್ಲ. ಮೇ ತಿಂಗಳ ರಾಜಮಂಡ್ರಿ ಬಿಸಿಲಲ್ಲಿ ಟೈ ಕಟ್ಟಿಕೊಂಡು ತಿರುಗೋದು ಯಾರಿಗೂ ಬೇಡ. ನಾವು ಭೇಟಿಗಳನ್ನೆಲ್ಲ ಸಂಜೆಗೆ ಇಟ್ಟುಕೊಳ್ಳುತ್ತಿದ್ದೆವು.

ಬೇರೆ ದೇಶಗಳಲ್ಲಿ ಕೆಲಸ ಮಾಡೋ ನಮ್ಮ ಮಿಷನರಿಗಳ ಹಾಗೆ ನಾವು ಇಲ್ಲಿ ಮನೆ ಮನೆ ಬಾಗಿಲು ತಟ್ಟುತ್ತಿರಲಿಲ್ಲ. ನಮ್ಮ ಚರ್ಚಿನ ಸದಸ್ಯರು ತಮ್ಮ ಗೆಳೆಯರನ್ನೋ ನೆಂಟರನ್ನೋ ಪರಿಚಯ ಮಾಡಿಸಿದರೆ, ಕರೆದರೆ, ಹೋಗುತ್ತಿದ್ದೆವು. ಅಲ್ಲೂ ಮೊದಲ ಪ್ರಶ್ನೆ ದೇವರದ್ದಲ್ಲ, ‘ನಿಮಗೆ ಅಮೆರಿಕದೋರು ತಿಂಗಳಿಗೆ ಎಷ್ಟು ಕೊಡ್ತಾರೆ?’ ಅಂತ. ಕೋಪ ಮಾಡಿಕೊಳ್ಳುವಂಥದ್ದಲ್ಲ. ದುಡ್ಡು ಕೊಟ್ಟು ಮತ ಬದಲಿಸ್ತಾರೆ ಅನ್ನೋ ಅನುಮಾನ ಈ ದೇಶದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ‘ಕೊಡೋದಿಲ್ಲ, ನಮ್ಮಪ್ಪನೇ ಕೊಡ್ತಾರೆ’ ಅಂದರೆ ಅರ್ಧ ಜನ ನಂಬುತ್ತಿದ್ದರು, ಉಳಿದರ್ಧ ಜನ ಅಪ್ಪನಿಗಾಗಿ ಅಯ್ಯೋ ಅನ್ನುತ್ತಿದ್ದರು. ಬೇಡ ಅಂದವರ ಮನೆಗೆ ಮತ್ತೆ ಹೋಗಬಾರದು ಅನ್ನೋದು ನನ್ನ ಪಾಲಿಗೆ ಗಟ್ಟಿ ನಿಯಮ. ನಮ್ಮಪ್ಪ ಅಮ್ಮ ನಾನು ಚಿಕ್ಕವನಿದ್ದಾಗ ಈ ಸಭೆಗೆ ಸೇರಿದವರು, ಅಜ್ಜಿ ಇವತ್ತಿಗೂ ಶನಿವಾರ ಆಂಜನೇಯನ ಗುಡಿಗೆ ಹೋಗುವವರು. ಒಂದೇ ಮನೆಯಲ್ಲಿ ಎರಡೂ ನಡೆಯುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು.

ನಿಜವಾದ ಇಕ್ಕಟ್ಟು ಇದ್ದದ್ದು ಲೋಟದಲ್ಲಿ. ನಮ್ಮಲ್ಲಿ ಟೀ, ಕಾಫಿ, ಹೆಂಡ, ತಂಬಾಕು ಯಾವುದೂ ಇಲ್ಲ. 1833ರಿಂದ ಬಂದ ಕಟ್ಟಳೆ ಅದು. ದಕ್ಷಿಣ ಭಾರತದಲ್ಲಿ ಕಾಫಿ ಬೇಡ ಅಂದರೆ ಮನೆಯವರನ್ನೇ ಬೇಡ ಅಂದ ಹಾಗೆ. ಕೇಳಿದ ಮೇಲೆ ಬೇಡ ಅಂದರೆ ಕೆಲಸ ಕೆಟ್ಟಿತು. ಅಷ್ಟರಲ್ಲಿ ಒಲೆ ಮೇಲೆ ಹಾಲು ಇಟ್ಟಾಗಿರುತ್ತದೆ, ‘ಅರ್ಧ ಲೋಟ ಆದ್ರೂ’ ಶುರುವಾಗುತ್ತದೆ. ಹಾಗಾಗಿ ಚಪ್ಪಲಿ ಗೂಡಿನ ಹತ್ತಿರ ಶೂ ಬಿಚ್ಚುತ್ತಿರುವಾಗಲೇ ನಾನು ಮನೆಯ ಹಿರಿಯ ಹೆಂಗಸನ್ನು ನೋಡಿ, ‘ಅಮ್ಮಾ, ಮಜ್ಜಿಗೆ ಇದ್ರೆ ಕೊಡ್ತೀರಾ? ಬಿಸಿಲು ಜಾಸ್ತಿ’ ಅಂದುಬಿಡುತ್ತಿದ್ದೆ. ನಾವೇ ಕೇಳಿ ಕುಡಿದರೆ ಅವರಿಗೂ ಖುಷಿ. ಐಡಾಹೋದವನಿಗೆ ಇಂಗು ಹಾಕಿದ ಮಜ್ಜಿಗೆ ಮೊದಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇಂಗಿನ ಡಬ್ಬಿ ಇಟ್ಟುಕೊಂಡು ಹೋದ.

ಸೋಮವಾರ ನಮ್ಮ ರಜೆ, ಅಂದರೆ ಬಟ್ಟೆ ಒಗೆಯೋ ದಿನ. ಬಿಳಿ ಅಂಗಿಯ ಕಾಲರ್ ಮೇಲೆ ವಾರದ ಬೆವರಿನ ಹಳದಿ ಗೆರೆ. ಅದನ್ನು ರಾತ್ರಿಯೇ ಸೋಪು ಹಚ್ಚಿ ನೆನೆಸಿಟ್ಟು, ಬೆಳಿಗ್ಗೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದರೆ ಮಾತ್ರ ಹೋಗುತ್ತದೆ. ನೀಲಿ ಜಾಸ್ತಿಯಾದರೆ ಭಾನುವಾರದ ಸಭೆಯಲ್ಲಿ ಎಲ್ಲರ ಕಣ್ಣೂ ನಿನ್ನ ಮೇಲೇ. 2018ರ ಏಪ್ರಿಲ್ 2ರ ಸೋಮವಾರ ಹೀಗೇ ಒಗೆಯುತ್ತಿದ್ದಾಗ ಒಬ್ಬ ಸದಸ್ಯರ ಫೋನು ಬಂತು. ಅಮೆರಿಕದಲ್ಲಿ ಇನ್ನೂ ಭಾನುವಾರ. ಅಲ್ಲಿ ನಡೆದ ನಮ್ಮ ಚರ್ಚಿನ ಸಮ್ಮೇಳನದ ಕೊನೆಯಲ್ಲಿ ಚರ್ಚಿನ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಬೆಂಗಳೂರಿಗೆ ದೇವಾಲಯ ಘೋಷಿಸಿದ್ದರು. ಭಾರತಕ್ಕೆ ಮೊದಲನೆಯದು. ಭಾನುವಾರದ ಸಭೆ ನಡೆಯೋ ಕಟ್ಟಡ ಬೇರೆ, ದೇವಾಲಯ ಬೇರೆ. ಗಂಡ ಹೆಂಡತಿಯನ್ನು, ಮಕ್ಕಳನ್ನು ಎಂದೆಂದಿಗೂ ಒಂದಾಗಿ ಬೆಸೆಯುವ ವಿಧಿ ಅಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಾಗಿ ನಮ್ಮವರು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಹಾಂಗ್‌ಕಾಂಗಿಗೆ ಹೋಗುತ್ತಿದ್ದರು. ಫೋನಿನ ಆ ಕಡೆ ಅವರು ಅಳುತ್ತಿದ್ದರು, ಈ ಕಡೆ ನನ್ನ ಕೈಯಲ್ಲಿ ನೊರೆ. ಭೂಮಿಪೂಜೆ ಆದದ್ದು 2020ರ ಡಿಸೆಂಬರಿನಲ್ಲಿ, ಅಷ್ಟರಲ್ಲಿ ನಾನು ಮನೆಗೆ ಬಂದಾಗಿತ್ತು.

ಆಗ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ವಾರಕ್ಕೊಂದು ಇಮೇಲ್. ಅಜ್ಜಿಗೆ ಇಮೇಲ್ ಓದಿ ಹೇಳೋ ಕೆಲಸ ತಮ್ಮನದು, ಅವನು ಅದರಲ್ಲಿ ತನ್ನದೂ ಸೇರಿಸಿ ಓದುತ್ತಿದ್ದನಂತೆ. 2019ರ ಫೆಬ್ರವರಿಯಲ್ಲಿ ನಿಯಮ ಸಡಿಲಿತು, ಪ್ರತಿ ವಾರ ಮಾತಾಡಬಹುದು ಅಂದರು. ಮೊದಲ ಸೋಮವಾರ ಫೋನ್ ಮಾಡಿದರೆ ಅಜ್ಜಿ ಕೇಳಿದ್ದು ಒಂದೇ: ‘ಊಟ ಆಯ್ತೇನೋ? ಏನ್ ಸಾರು?’ ಕೆಲವರು ವಾರವಾರದ ಫೋನಿನಿಂದ ಮನಸ್ಸು ಕೆಲಸದಲ್ಲಿ ನಿಲ್ಲಲ್ಲ ಅಂತಾರೆ. ನನಗೆ ಹಾಗನ್ನಿಸಲಿಲ್ಲ. ಮನೆಯದ್ದೇ ಚಿಂತೆ ಮಾಡುತ್ತಾ ಕೂರೋದಕ್ಕಿಂತ ಅರ್ಧ ಗಂಟೆ ಮಾತಾಡಿ ಹಗುರಾಗೋದು ವಾಸಿ.

ಕ್ರಿಕೆಟ್ ಮಾತ್ರ ತುಂಬಾ ಕಾಡುತ್ತಿತ್ತು. 2019ರ ಜುಲೈನಲ್ಲಿ ವಿಶ್ವಕಪ್ ಸೆಮಿಫೈನಲ್ ದಿನ ಸಂಜೆ ನಾವು ಒಂದು ಭೇಟಿಗೆ ನಡೆದು ಹೋಗುತ್ತಿದ್ದೆವು. ನೋಡೋ ಹಾಗಿಲ್ಲ, ಕೇಳೋದಕ್ಕೆ ಅಡ್ಡಿ ಏನು? ನಾನು ಸ್ವಲ್ಪ ನಿಧಾನವಾಗಿ ನಡೆದೆ ಅಷ್ಟೇ. ಪಂಕ್ಚರ್ ಅಂಗಡಿಯ ಟಿವಿ ಮುಂದೆ ನಿಂತವರೆಲ್ಲ ಒಮ್ಮೆಲೇ ತಲೆ ಮೇಲೆ ಕೈ ಇಟ್ಟುಕೊಂಡರು. ಧೋನಿ ರನ್‌ಔಟ್. ಆ ಸಂಜೆ ನಾವು ಹೋದ ಮನೆಯಲ್ಲಿ ಯಾರಿಗೂ ಪಾಠ ಕೇಳೋ ಮನಸ್ಸಿರಲಿಲ್ಲ, ನಮಗೂ ಹೇಳೋ ಮನಸ್ಸಿರಲಿಲ್ಲ. ಮಜ್ಜಿಗೆ ಕುಡಿದು ಬಂದೆವು.

ಈಗ ನಮ್ಮ ಸಭೆಯಲ್ಲಿ ಹೊರಡೋ ಹುಡುಗರು ಬಂದು, ಏನು ತಯಾರಿ ಮಾಡಿಕೊಳ್ಳಲಿ ಅಂತ ಕೇಳುತ್ತಾರೆ. ಧರ್ಮಗ್ರಂಥ ಓದು ಅಂತ ಹೇಳೋಕೆ ಬೇರೆಯವರಿದ್ದಾರೆ. ನಾನು ಹೇಳೋದು ಇಷ್ಟು. ಅನ್ನ ಮಾಡೋದು, ಒಂದು ಸಾರು, ಒಂದು ಪಲ್ಯ ಕಲಿತು ಹೋಗು. ಶೂ ಎರಡು ಜೊತೆ ತಗೋ, ಮಳೆಗಾಲದಲ್ಲಿ ಒಂದು ಜೊತೆ ಒಣಗೋಕೆ ಎರಡು ದಿನ ಬೇಕು. ಮತ್ತೆ ಜೊತೆಗಾರನ ಮನೆ ಸೇರಿದ ದಿನವೇ ಟವೆಲಿಗೆ ಮೊಳೆ ಎಲ್ಲಿದೆ ಅಂತ ಕೇಳು.