ಚೇಂಬರ್ ಇಲ್ಲದೆ, ಗಾಳಿ ತಾಗದಂತೆ ಎಫ್‌ಎಂಟಿ ಸ್ಲರಿ: ನನ್ನ ಅನುಭವ

ಎಫ್‌ಎಂಟಿ ಅಂದರೆ ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ; ಅದಕ್ಕಾಗಿ ಮಲವನ್ನು ಸಲೈನಿನಲ್ಲಿ (ಉಪ್ಪುನೀರು) ಕದಡಿದ ದ್ರವವೇ ಸ್ಲರಿ. ಈ ಬ್ಯಾಕ್ಟೀರಿಯಾಗಳಲ್ಲಿ ಹಲವು ಆಕ್ಸಿಜನ್ ತಾಗಿದರೆ ಸಾಯುತ್ತವೆ. ಅನೇರೋಬಿಕ್ ಚೇಂಬರ್ (ಒಳಗೆ ಆಕ್ಸಿಜನ್ ಇಲ್ಲದ ಪೆಟ್ಟಿಗೆ) ಇಲ್ಲದೆ ಈ ಸ್ಲರಿ ಮಾಡುವ ಕೆಲಸ ಆಗುವುದೇ ಇಲ್ಲ ಅಂತ ಬೆಂಗಳೂರಿನಲ್ಲಿ ನನಗೆ ಹೇಳದವರಿಲ್ಲ. ಚೇಂಬರಿಗೆ ಲಕ್ಷಗಟ್ಟಲೆ ಬೇಕು. ಪೀಣ್ಯದಿಂದ ತರಿಸಿದ ನೈಟ್ರೋಜನ್ ಸಿಲಿಂಡರು, ರೆಗ್ಯುಲೇಟರು, ಫಿಲ್ಟರ್ ಚೀಲಗಳು, ಹೀಟ್ ಸೀಲರು ಎಲ್ಲ ಸೇರಿ ನನಗೆ ಬಿದ್ದದ್ದು 25 ಸಾವಿರದ ಆಸುಪಾಸು. ನನ್ನ ಸ್ಲರಿಯಿಂದ ಪ್ಲೇಟಿನಲ್ಲಿ ಫೀಕ್ಯಾಲಿಬ್ಯಾಕ್ಟೀರಿಯಂ (ಆಕ್ಸಿಜನ್ ತಾಗಿದರೆ ಬೇಗ ಸಾಯುವ ಕರುಳಿನ ಬ್ಯಾಕ್ಟೀರಿಯಾ) ಬೆಳೆದ ಮೇಲೆ ವಾದ ನಿಂತಿತು.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬ್ಲೆಂಡರು. ನೊರೆ ಎದ್ದಿತೆಂದರೆ ಪ್ರತಿ ಹನಿಗೂ ಆಕ್ಸಿಜನ್ ಸಿಕ್ಕಿತು ಅಂತಲೇ ಲೆಕ್ಕ. ಆಸ್ಟ್ರೇಲಿಯಾದ ತಂಡವೊಂದು 2019ರಲ್ಲಿ ಅಳೆದಾಗ, ಆಕ್ಸಿಜನ್ ತಾಗಿಸದೆ ಮಾಡಿದ್ದರಲ್ಲಿ ಸುಮಾರು 50% ಬ್ಯಾಕ್ಟೀರಿಯಾ ಜೀವಂತ, ಗಾಳಿಯಲ್ಲಿ ಅರೆದದ್ದರಲ್ಲಿ 19%. ಬೀಜಕ ಕಟ್ಟುವವು ಉಳಿಯುತ್ತವೆ, ಬ್ಯುಟಿರೇಟ್ (ಕರುಳಿನ ಒಳಪದರಕ್ಕೆ ಬೇಕಾದ ಆಮ್ಲ) ಕೊಡುವವು ಹೋಗುತ್ತವೆ. ಬರೀ 16ಎಸ್ ಸೀಕ್ವೆನ್ಸಿಂಗ್ (ಡಿಎನ್‌ಎ ಓದಿ ಬ್ಯಾಕ್ಟೀರಿಯಾ ಗುರುತಿಸುವ ವಿಧಾನ) ನೋಡಿದರೆ ಸತ್ತವೂ ಲೆಕ್ಕಕ್ಕೆ ಬರುತ್ತವೆ. ಸತ್ತವುಗಳ ಡಿಎನ್‌ಎ ಲೆಕ್ಕಕ್ಕೆ ಬರದಂತೆ ತಡೆಯುವ ಪಿಎಂಎ ಎಂಬ ಬಣ್ಣ ಹಾಕಿಯೇ ನೋಡಿ.

ಆಟೋಕ್ಲೇವಿನಿಂದ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ತೆಗೆದ ಸಲೈನು ಬಿಸಿ ಇರುವಾಗಲೇ 0.2 ಮೈಕ್ರಾನ್ ಫಿಲ್ಟರ್ ಮೂಲಕ ನೈಟ್ರೋಜನ್ ಬಿಟ್ಟು ತಣಿಸುತ್ತೇನೆ. ಆಮೇಲೆ, ಉಳಿದ ಆಕ್ಸಿಜನ್ ತೆಗೆಯಲು, ಲೀಟರಿಗೆ ಅರ್ಧ ಗ್ರಾಂ ಸಿಸ್ಟೀನ್ ಹೈಡ್ರೋಕ್ಲೋರೈಡ್. ಇದು ಹುಳಿ, ಪಿಎಚ್ 7ಕ್ಕೆ ತರದಿದ್ದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಫಿಲ್ಟರ್ ಚೀಲಕ್ಕೆ 50 ಗ್ರಾಂ ಮಲ, ಅದಕ್ಕೆ 250 ಎಂಎಲ್ ಈ ಸಲೈನು. ಚೀಲದ ಗಾಳಿ ಹಿಂಡಿ ನೈಟ್ರೋಜನ್ ತುಂಬಿ ಮತ್ತೆ ಹಿಂಡುವುದು, ಹೀಗೆ ಮೂರು ಸಲ. ಬಳಿಕ ಹೊರಗಿನಿಂದ ಕೈಯಲ್ಲೇ ನಾದುವುದು. ತುಂಬುವ ಮೂತಿಯನ್ನು ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ರೆಸಾಝುರಿನ್ (ಆಕ್ಸಿಜನ್ ಇದ್ದರೆ ಗುಲಾಬಿಯಾಗುವ ಬಣ್ಣ) ರೋಗಿಗೆ ಹೋಗುವ ಚೀಲಕ್ಕಲ್ಲ, ಜೊತೆಗಿಡುವ ಸಲೈನ್ ಚೀಲಕ್ಕೆ. ಬಣ್ಣ ಹೋಗಿ ತಿಳಿಯಾಗಿದ್ದರೆ ಸರಿ. ಗುಲಾಬಿ ಮೊದಲು ಕಾಣುವುದು ಸೀಲಿನ ಮೂಲೆಯಲ್ಲಿ, ಕೂದಲೆಳೆಯಷ್ಟು. ಸೀಲು ಗಟ್ಟಿಯಿದ್ದೂ ಗುಲಾಬಿ ಬಂದರೆ ಟ್ಯೂಬು ನೋಡಿ: ಸಿಲಿಕೋನಿನ ಗೋಡೆ ದಾಟಿಯೇ ಆಕ್ಸಿಜನ್ ಒಳಬರುತ್ತದೆ. ಬ್ಯುಟೈಲ್ ರಬ್ಬರ್ ಹಾಕಿದ ಮೇಲೆ ಆ ಕಾಟ ತಪ್ಪಿತು. ಸಾದಾ ಪಾಲಿಥೀನ್ ಚೀಲದ್ದೂ ಇದೇ ಹಾಡು, ಅದರಲ್ಲಿ ಇಟ್ಟುಕೊಳ್ಳಬೇಡಿ.

ನೈಟ್ರೋಜನ್ ಬದಲು ಆರ್ಗಾನನ್ನೂ ನೋಡಿದ್ದಾಯಿತು. ದುಡ್ಡು ಜಾಸ್ತಿ, ಫಲ ಅಷ್ಟೇ. ಅಗ್ಗದ ಇಂಡಸ್ಟ್ರಿಯಲ್ ಗ್ರೇಡ್ ಮಾತ್ರ ಬೇಡ, ಅದರಲ್ಲಿ ಉಳಿದಿರುವ ಆಕ್ಸಿಜನ್ನೇ ಸಾಕು ಕೆಡಿಸಲು. ಕೋಣೆ ಚಿಕ್ಕದಾದರೆ ಕಿಟಕಿ ತೆರೆದಿರಲಿ, ನೈಟ್ರೋಜನ್ ತುಂಬಿದರೆ ಉಸಿರುಗಟ್ಟುವುದು ಗೊತ್ತೇ ಆಗುವುದಿಲ್ಲ.

ಸ್ಲರಿಯನ್ನು −80 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟಿಸಿ ಇಡುವುದಾದರೆ, ಬ್ಯಾಕ್ಟೀರಿಯಾ ಕಾಪಾಡುವ ಗ್ಲಿಸರಾಲ್ ಕೊನೆಗೆ 10% ಬರಬೇಕು. ಅದಕ್ಕೂ ನೈಟ್ರೋಜನ್ ಬೇಕು, ಮಂದ ದ್ರವವಾದ್ದರಿಂದ ಸಲೈನಿನ ದುಪ್ಪಟ್ಟು ಹೊತ್ತು ಬಿಡಿ.