ನಾನು ಸೈಡ್ ಆ್ಯಕ್ಟರ್ ಆದ ಮೇಲೆ ಸಿನಿಮಾ ಆಯ್ತು

ಮನೆ, ಬಸ್ಸು, ಅಂಗಡಿ ಇಷ್ಟನ್ನೇ ಇಟ್ಟುಕೊಂಡು ಶಾರ್ಟ್ ಫಿಲ್ಮ್ ಮಾಡುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. ಒಬ್ಬ ಮುಖದ ಮೇಲೇ ಕೇಳಿದ: 'ಇದರಾಗ ಕಥಿ ಎಲ್ಲೈತಿ?' ಈಗ ಆ 11 ನಿಮಿಷದ ಚಿತ್ರಕ್ಕೆ ಸ್ಪರ್ಧೆಯೊಂದರಲ್ಲಿ ಎರಡನೇ ಬಹುಮಾನ ಬಂದಿದೆ. ಅದೇ ಗೆಳೆಯ ಫೋನ್ ಮಾಡಿ ಹೆಂಗ್ ಮಾಡಿದಿ ಅಂತ ಕೇಳುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಹೇಳಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಬದುಕೇ ಒಂದು ಸಿನಿಮಾ ಅಂದುಕೊಳ್ಳೋ ಚಟ ನನಗೆ ಹಳೆಯದು. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು. ದುರ್ಗದಬೈಲ್ ಹತ್ತಿರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಿಟಕಿಗೆ ತಲೆ ಆನಿಸಿದರೆ ಮುಗೀತು, ಉಣಕಲ್ ಬರೋ ಹೊತ್ತಿಗೆ ನಾನೇ ಹೀರೋ. ಮಳೆ ಇದ್ದರಂತೂ ಕೇಳಲೇಬೇಡಿ.

ಇದನ್ನೇ ಮೊದಲ ಸಲ ಚಿತ್ರ ಮಾಡಲು ಹೋಗಿ ಹತ್ತಿರಹತ್ತಿರ 40 ಸಾವಿರ ನೀರಿಗೆ ಹಾಕಿದೆ. ಕ್ಯಾಮೆರಾ ಬಾಡಿಗೆ ದಿನಕ್ಕೆ ಒಂದೂವರೆ ಸಾವಿರ. ಕ್ಯಾಮೆರಾ ಅಲುಗದಂತೆ ಹಿಡಿಯೋ ಗಿಂಬಲ್ ಒಂಬತ್ತು ಸಾವಿರ ಕೊಟ್ಟು ಕೊಂಡೆ. ಅರ್ಧ ದಿನದ ಡ್ರೋನಿಗೆ ಐದಾರು ಸಾವಿರ. ಮೇಲಿಂದ ಚೆನ್ನಾಗಿ ಕಂಡಿದ್ದು ನಮ್ಮ ಓಣಿಯ ನೀರಿನ ಟ್ಯಾಂಕುಗಳು ಮಾತ್ರ! ಉಳಿದಿದ್ದು ಹುಡುಗರ ಊಟ, ಪೆಟ್ರೋಲು. ಎಡಿಟಿಂಗಿಗೆ ಕೂತರೆ ಬರೀ ನಾನು ನಡೆಯೋದು, ನಾನು ನಿಲ್ಲೋದು, ನಾನು ದೂರ ನೋಡೋದು. ಸ್ಲೋ ಮೋಷನ್ ಹಾಕಿದೆ. ಅದೇ ಬೇಸರ ಇನ್ನೂ ಜಾಸ್ತಿ ಹೊತ್ತು ಎಳೀತು, ಅಷ್ಟೇ.

ಆಮೇಲೆ ಸುಮ್ನೆ ಕೂತು ಸಿನಿಮಾ ಹುಟ್ಟಿದ ಕಾಲದ ತುಣುಕುಗಳನ್ನು ನೋಡಿದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಜನಕ್ಕೆ ತೋರಿಸಿದ್ದು ಏನು? ಲಿಯೋನ್‌ನ ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರೋದು. ಅಣ್ಣ ಆಗಸ್ಟ್ ತನ್ನ ಕೂಸಿಗೆ ತಿನ್ನಿಸೋದು. ಒಂದೊಂದೂ ಸುಮಾರು 50 ಸೆಕೆಂಡ್, ರೀಲು ಮುಗಿದರೆ ಸೀನೂ ಮುಗೀತು. ಕ್ಯಾಮೆರಾ ಇಟ್ಟಲ್ಲಿಂದ ಅಲ್ಲಾಡಲ್ಲ. ಅದನ್ನೇ ಹಿಡಿದೆ. ಫೋನ್ ಒಂದು ಕಡೆ ಇಡಬೇಕು, 50 ಸೆಕೆಂಡಿಗೆ ನಿಲ್ಲಿಸಬೇಕು. ಇನ್ನೊಂದು ಕಟ್ಟುಪಾಡು ನನ್ನದೇ: ಯಾವ ಸೀನಿನಲ್ಲೂ ನಾನು ಹೀರೋ ಅಲ್ಲ.

ಒಂದು ಸೀನು ಹೇಳುತ್ತೇನೆ. ಅಂಗಡಿ ಮುಚ್ಚೋ ಹೊತ್ತು. ಗಿರಾಕಿಗಳು ಇಪ್ಪತ್ತು ಇಪ್ಪತ್ತೈದು ಸೀರೆ ಬಿಚ್ಚಿಸಿ, 'ನಾಳೆ ಬರ್ತೇವ್ರಿ' ಅಂತ ಎದ್ದು ಹೋದರು. ಸೀರೆ ತೋರಿಸೋ ಕಾಕಾ ಊರಿನ ಕಡೇ ಬಸ್ಸು ಹಿಡೀಬೇಕು. ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಚಾಚಿ, ಒಂದೊಂದೇ ಮಡಚುತ್ತಿದ್ದಾರೆ. ಗದ್ದ ಎತ್ತೋ ಹಾಗಿಲ್ಲ, ಆದರೆ ಗಡಿಯಾರ ಇರೋದು ಮೇಲೆ. ಬರೀ ಕಣ್ಣು ಮೇಲಕ್ಕೆ ಹೋಗಿ ಬರುತ್ತೆ. ಆಗ ನಾನು ಹೋಗಿ, 'ಕಾಕಾ, ಇವತ್ತಿನ ಸ್ಟಾಕ್ ಲೆಕ್ಕ' ಅಂತ ನಿಲ್ಲುತ್ತೇನೆ. ನನ್ನನ್ನು ಹೀರೋ ಮಾಡಿದರೆ ಇದು ದಣಿದ ಹುಡುಗನೊಬ್ಬನ ಗೋಳು. ಕಾಕಾನ ಕಡೆಯಿಂದ ನೋಡಿದರೆ ನಾನೇ ವಿಲನ್! ಕಥೆ ಎಲ್ಲೈತಿ ಅಂದವನಿಗೆ ಇದನ್ನೇ ತೋರಿಸಿದೆ.

ಈಗ ಬಸ್ಸಿನಲ್ಲಿ ಕೂತರೂ ಹಾಗೇ. ಪಕ್ಕದವರಿಗೆ ಈ ಹೊತ್ತಿನಲ್ಲಿ ಏನು ಬೇಕು, ಅದಕ್ಕೆ ನಾನು ಎಲ್ಲಿ ಅಡ್ಡ ಬರುತ್ತಿದ್ದೇನೆ ಅಂತ ನೋಡುತ್ತೇನೆ. ಎಷ್ಟೋ ಸಲ ಕಿಟಕಿ ಸೀಟೇ ಉತ್ತರ.

ಎಲ್ಲಾ ಸಲೀಸಾಗೇನೂ ಆಗಲಿಲ್ಲ. ಮನೆಯ ಹಳೇ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮೊದಲ ತುಣುಕುಗಳೆಲ್ಲ ಪಟ್ಟೆಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಅದರ ತಾಳಕ್ಕೇ ಮಿನುಗುತ್ತೆ. ಫೋನಿನ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಕಟ್ಟಿಹಾಕಿದ ಮೇಲೆ ಸರಿಹೋಯ್ತು. ಬಸ್ಸಿನ ತುಣುಕುಗಳಲ್ಲಿ ಮುಕ್ಕಾಲು ಪಾಲು ಕುಲುಕಾಟಕ್ಕೇ ಹೋದವು. ಅಲ್ಲಿ ಫೋನನ್ನು ಕೊನೆಗೆ ಎಲ್ಲಿ ಇಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಬರೀ ಶಬ್ದದ ಹುಚ್ಚು ಹಿಡಿದಿತ್ತು. ಚಿತ್ರ ಬಿಟ್ಟು ಒಂದೆರಡು ವಾರ ಕಾಲರ್ ಮೈಕಿನಲ್ಲಿ ಮನೆ ಸದ್ದು ಹಿಡಿದೆ. ಅವ್ವ ರೊಟ್ಟಿ ಬಡಿಯೋ ಸದ್ದು ಒಂದೇ ಸಮ ಇರುತ್ತೆ ಅಂತ ಅಂದುಕೊಂಡಿದ್ದೆ. ಇಲ್ಲ ಅಲ್ವಾ! ಹಿಟ್ಟು ದಪ್ಪ ಇದ್ದಾಗ ಸದ್ದು ಮಂದ. ಅಗಲ ಆಗುತ್ತಾ ಆಗುತ್ತಾ ಚುರುಕಾಗುತ್ತೆ. ಹಂಚಿಗೆ ಹಾಕಿ ಒದ್ದೆ ಬಟ್ಟೆ ಆಡಿಸಿದರೆ ಚುಂಯ್. ಒಂದು ರೊಟ್ಟಿಗೆ ಹೆಚ್ಚುಕಡಿಮೆ 50 ಸೆಕೆಂಡೇ. ಇಡೀ ಚಿತ್ರದಲ್ಲಿ ಸಂಗೀತ ಬೇಡ ಅಂತ ನಿರ್ಧಾರ ಮಾಡಿದ್ದು ಆಗಲೇ. ತೀರ್ಪುಗಾರರು ಎಲ್ಲಕ್ಕಿಂತ ಜಾಸ್ತಿ ಮಾತಾಡಿದ್ದೂ ಆ ರೊಟ್ಟಿ ಸೀನಿನ ಬಗ್ಗೆಯೇ. ಅವ್ವ ಮೊದಮೊದಲು ಫೋನ್ ಕಂಡರೆ ಸೆರಗು ಸರಿಮಾಡಿಕೊಂಡು, 'ಹಂಚು ಕಾದೈತಿ, ಸರಿಯೋ ಆಚೆ' ಅನ್ನುತ್ತಿದ್ದಳು. ಆಮೇಲೆ ಫೋನ್ ಇರೋದನ್ನೇ ಮರೆತಳು. ಹೇಗೆ ಮರೆಸಿದೆ ಅನ್ನೋದನ್ನೂ ಹೇಳಲ್ಲ.

ಎರಡನೇ ಸಲದ ಖರ್ಚು ಟ್ರೈಪಾಡ್, ಮೈಕು, ಮೆಮೊರಿ ಕಾರ್ಡು ಸೇರಿ ನಾಲ್ಕು ಸಾವಿರದ ಆಸುಪಾಸು. ಬಹುಮಾನದ ಹಣ 10 ಸಾವಿರ. ಹಳೇ ಸಾಲ ಇನ್ನೂ ಸ್ವಲ್ಪ ಇದೆ. ಗಿಂಬಲ್ ಡಬ್ಬದಲ್ಲೇ ಕೂತಿದೆ. ಆರು ಸಾವಿರಕ್ಕೆ ಯಾರಾದರೂ ತಗೊಳ್ಳೋದಾದರೆ ಕೊಟ್ಟುಬಿಡುತ್ತೇನೆ, ಚೌಕಾಸಿ ಬೇಡ.