ಪಹಣಿ ಹಿಡಿದು ಹಿರಿಯರನ್ನು ಹುಡುಕುವುದು

ನಮ್ಮ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ 'ದೊಡ್ಡವ್ವ', ಅಷ್ಟೇ. ಹೋದ ಬೇಸಿಗೆಯಲ್ಲಿ ಮೈಸೂರಿನ ಮನೆಯಲ್ಲೇ ಕೂತು, ಮಂಡ್ಯ ತಾಲ್ಲೂಕು ಕೊತ್ತತ್ತಿ ಹೋಬಳಿಯಲ್ಲಿರುವ ನಮ್ಮ ಜಮೀನಿನ ಪಹಣಿ, ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಸರ್ಕಾರಿ ದಾಖಲೆ, ತೆಗೆದೆ. ಹೆಸರು ಅಲ್ಲಿತ್ತು.

ನೀವೂ ಹುಡುಕುವುದಾದರೆ ಹೆಸರು ಹಿಡಿದು ಹೊರಡಬೇಡಿ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಲ್ಲಿ ನಾಲ್ಕು ಜನ ಬೋರೇಗೌಡರು ಇರುತ್ತಾರೆ. ಸರ್ವೆ ನಂಬರ್ ಹಿಡಿಯಿರಿ. ಹಳೇ ಕಂದಾಯ ರಸೀದಿಯಲ್ಲಿ ಅದು ಇರುತ್ತದೆ. ನಮ್ಮದು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು, ಅರ್ಧ ಇಲಿ ತಿಂದಿತ್ತು. ರಸೀದಿ ಇಲ್ಲವೆಂದರೆ ದಿಶಾಂಕ್ ಆಪ್ ಹಾಕಿಕೊಂಡು ಹೊಲದ ನಡುವೆ ನಿಲ್ಲಿ, ನಂಬರ್ ತೋರಿಸುತ್ತದೆ. ಬದುವಿನ ಹತ್ತಿರ ನಿಂತರೆ ಪಕ್ಕದವರ ನಂಬರ್ ಬಂದುಬಿಡಬಹುದು.

ಆಮೇಲೆ ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟ್. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್. 'ಸರ್ನಾಕ್' ಅನ್ನುವ ಕಡೆ ಬರೀ ನಕ್ಷತ್ರದ ಗುರುತು ಕಂಡರೆ ಗಾಬರಿ ಬೇಡ, ಅದನ್ನೇ ಒತ್ತಿ. ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲಿನ ನಂಬರ್) ಗೊತ್ತಿಲ್ಲದಿದ್ದರೆ ಒಂದೊಂದನ್ನೇ ತೆಗೆದು ನೋಡಿ. ದಾಯಾದಿಗಳು ಸಿಗುವುದೇ ಅಲ್ಲಿ.

ಪಹಣಿಯ 9ನೇ ಕಾಲಂ ನಿಧಾನವಾಗಿ ಓದಿ. 'ಬಿನ್' ಆದ ಮೇಲೆ ಬರುವುದು ಅಪ್ಪನ ಹೆಸರು. 'ಕೋಂ' ಆದ ಮೇಲೆ ಗಂಡನ ಹೆಸರು. ದೊಡ್ಡವ್ವ ಸಿಕ್ಕಿದ್ದು ಆ 'ಕೋಂ' ದೆಸೆಯಿಂದ: ನಿಂಗಮ್ಮ, ಕೋಂ ನಮ್ಮ ಮುತ್ತಾತ. ಗಂಡ ಬೇಗ ತೀರಿಕೊಂಡು ಖಾತೆ ಇವರಿಗೆ ಬಂದಿತ್ತು. ಇವರು ಹೋದ ಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಮ್ಮವರ ಸೋಮಾರಿತನ ಒಳ್ಳೆಯದಕ್ಕೇ ಆಯಿತು, ಅಲ್ವಾ?

10ನೇ ಕಾಲಂನಲ್ಲಿ ಜಮೀನು ಬಂದ ಬಗೆ, ಎಂ.ಆರ್. (ಖಾತೆ ಬದಲಾವಣೆಯ ರಿಜಿಸ್ಟರ್) ನಂಬರ್ ಇರುತ್ತವೆ. ಬರೆದುಕೊಳ್ಳಿ. ಪೌತಿ ಆಗಿದ್ದರೆ ಅದರ ಕಡತದಲ್ಲಿ ವಂಶವೃಕ್ಷ ಸಿಗಬಹುದು. ಅದನ್ನೊಂದನ್ನೇ ನಂಬಬೇಡಿ. ಎಷ್ಟೋ ಸಲ ಹೆಣ್ಣುಮಕ್ಕಳನ್ನು ಬಿಟ್ಟೇ ಬರೆಸಿರುತ್ತಾರೆ.

ಹಳೇ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಸರ್ಕಾರ ಮಂಜೂರು ಮಾಡಿದ ಜಮೀನಾದರೆ 'ದರಖಾಸ್ತು' ಅನ್ನುವ ಪದ, ಸಾಗುವಳಿ ಚೀಟಿ ಹುಡುಕಿ. ಗೇಣಿಗೆ ಉಳುತ್ತಿದ್ದ ಮನೆಯಾದರೆ 1974ರ ಭೂ ಸುಧಾರಣೆಯ ನಂತರದ ಭೂ ನ್ಯಾಯಮಂಡಳಿ ಆದೇಶ.

ಇನ್ನೂ ಹಿಂದಿನ ದತ್ತಿಗಳು ಕಲ್ಲಿನ ಮೇಲಿವೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ. ಅವರ ಕಾಲದಲ್ಲಿ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಹಾಗಾಗಿ ಮೈಸೂರು ಜಿಲ್ಲೆಯ 3 ಮತ್ತು 4ನೇ ಸಂಪುಟ ತೆಗೆಯಿರಿ. ನಿಮ್ಮೂರಿನ ಹೆಸರು ಸಿಕ್ಕರೂ ಸಿಗಬಹುದು. ಆದರೆ ಶಾಸನದಲ್ಲಿ ಬಂದ ಗೌಡ ನಮ್ಮ ಪೂರ್ವಜ ಅಂತ ಸುಮ್ನೆ ಹೇಳಿಕೊಂಡು ತಿರುಗಬೇಡಿ.

ಇನ್ನೊಂದು. ಪಹಣಿ ವಿಷಯ ಎತ್ತುವ ಮುಂಚೆ ಊರಿನವರಿಗೆ ಕಾರಣ ಹೇಳಿ. ನಾನು ಹೇಳಿರಲಿಲ್ಲ. "ಏನವ್ವಾ, ಭಾಗ ಕೇಳಕ್ಕೆ ಬಂದ್ಯಾ?" ಅಂದರು ದೊಡ್ಡಪ್ಪ. ಫೋನಿನಲ್ಲಿ ಆ ಹೆಸರು ತೋರಿಸಿದೆ. ಒಳಗಿಂದ ಕನ್ನಡಕ ತಂದು ಎರಡು ಸಲ ಓದಿದರು. "ಓ, ಅದಕ್ಕೇ ಕಣವ್ವ ನಮ್ಮಕ್ಕನಿಗೆ ಈ ಹೆಸರಿಟ್ಟಿದ್ದು!"